ದುಡಿಮೆಗೆ ರಿಯಾಯಿತಿ, ಉಡುಗೊರೆಗೆ ಕತ್ತರಿ: ಅಮೆರಿಕದ ಎಸ್‌ಎಸ್‌ಐ ಲೆಕ್ಕ ಹೀಗಿದೆ

ಅಮೆರಿಕದಲ್ಲಿರುವ ನಮ್ಮ ಕನ್ನಡ ಮನೆಗಳಲ್ಲಿ ಆಟಿಸಂ, ಡೌನ್ ಸಿಂಡ್ರೋಮ್, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳು ದೊಡ್ಡವರಾಗುತ್ತಿದ್ದ ಹಾಗೆ ಅಪ್ಪ ಅಮ್ಮನಿಗೆ ಒಂದು ಹೊಸ ಭಯ ಶುರುವಾಗುತ್ತದೆ. ಮಗನಿಗೆ ಎಸ್‌ಎಸ್‌ಐ, ಅಂದರೆ ಕೈಯಲ್ಲಿ ದುಡ್ಡು ಕಡಿಮೆ ಇರುವ ಅಂಗವಿಕಲರಿಗೆ ಸರ್ಕಾರ ಕೊಡುವ ತಿಂಗಳ ದುಡ್ಡು, ಬರುತ್ತಿದೆ, ಅವನು ಅಂಗಡಿಯಲ್ಲಿ ವಾರಕ್ಕೆ ನಾಲ್ಕು ಗಂಟೆ ಶೆಲ್ಫ್ ಜೋಡಿಸುವ ಕೆಲಸಕ್ಕೆ ಹೋದರೆ ಆ ದುಡ್ಡು ನಿಂತುಹೋಗುತ್ತಾ? ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ ಮೆಡಿಕೇಡ್ ಹೋಗಿಬಿಡುತ್ತಾ? ಯಾಕೆ ಬೇಕು ಈ ರಗಳೆ ಅಂತ ಕೆಲಸವನ್ನೇ ಬೇಡ ಅನ್ನುತ್ತಾರೆ. ಆದರೆ ಊರಿಂದ ಬಂದ ತಾತ ಮೊಮ್ಮಗನ ಕೈಗೆ ಐನೂರು ಡಾಲರ್ ಇಟ್ಟಾಗ, ಅಥವಾ ದೊಡ್ಡಪ್ಪ ತಿಂಗಳು ತಿಂಗಳು ಅವನ ಖಾತೆಗೆ ಸ್ವಲ್ಪ ದುಡ್ಡು ಹಾಕಿದಾಗ, ಯಾರಿಗೂ ಏನೂ ಅನ್ನಿಸುವುದಿಲ್ಲ. ಅದು ಪ್ರೀತಿಯಿಂದ ಕೊಟ್ಟಿದ್ದು ಅಲ್ವಾ?

ನಿಯಮ ಓದಿ ನೋಡಿದರೆ ಪೂರ್ತಿ ತಿರುವುಮುರುವು. ಎಸ್‌ಎಸ್‌ಐ ಕಾನೂನು ಸಣ್ಣ ಸಂಬಳವನ್ನು ಮೃದುವಾಗಿ ನೋಡುತ್ತದೆ, ಕೈಗೆ ಬಂದ ಉಡುಗೊರೆ ದುಡ್ಡನ್ನು ಹೆಚ್ಚುಕಮ್ಮಿ ಪೂರ್ತಿ ಕಿತ್ತುಕೊಳ್ಳುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಮಕ್ಕಳು ಮಾಡಬಹುದಾದ ಕೆಲಸವನ್ನೂ ಮಾಡದೆ ಮನೆಯಲ್ಲಿ ಕೂತಿದ್ದಾರೆ. ನನಗೆ ಅದು ನಿಜವಾಗಿಯೂ ಸಂಕಟದ ವಿಷಯ. ಹಾಗಾಗಿ ಲೆಕ್ಕವನ್ನೇ ಬಿಡಿಸಿ ಇಡುತ್ತೇನೆ. ಇಲ್ಲಿರುವ ಮೊತ್ತಗಳು 2026ರವು. ಕೆಲವು ಪ್ರತಿ ವರ್ಷ ಬದಲಾಗುತ್ತವೆ, ಕೆಲವು ಐವತ್ತು ವರ್ಷದಿಂದ ಅಲ್ಲಾಡಿಲ್ಲ.

ಮೊದಲು ಯಾವ ದುಡ್ಡು ಬರುತ್ತಿದೆ ಅಂತ ಖಚಿತ ಮಾಡಿಕೊಳ್ಳಿ. ಸೋಷಿಯಲ್ ಸೆಕ್ಯುರಿಟಿ ಕಚೇರಿಯೇ ಎರಡು ಬೇರೆ ಬೇರೆ ಯೋಜನೆ ನಡೆಸುತ್ತದೆ. ಎಸ್‌ಎಸ್‌ಡಿಐ ಅನ್ನುವುದು ವಿಮೆ. ಕೆಲಸ ಮಾಡಿ ತೆರಿಗೆ ಕಟ್ಟಿದವರಿಗೆ, ಅವರ ದಾಖಲೆಯ ಮೇಲೆ ಬರುತ್ತದೆ. ಎಸ್‌ಎಸ್‌ಐ 1974ರ ಜನವರಿಯಲ್ಲಿ ಶುರುವಾದ ಬೇರೆ ಯೋಜನೆ. ಆದಾಯವೂ ಆಸ್ತಿಯೂ ತೀರಾ ಕಡಿಮೆ ಇರುವ ವಯಸ್ಸಾದವರಿಗೆ, ಅಂಧರಿಗೆ, ಅಂಗವೈಕಲ್ಯ ಇರುವವರಿಗೆ ಸರ್ಕಾರದ ಸಾಮಾನ್ಯ ಬೊಕ್ಕಸದಿಂದ ಕೊಡುತ್ತಾರೆ. ಒಬ್ಬರಿಗೆ ತಿಂಗಳಿಗೆ ಗರಿಷ್ಠ 994 ಡಾಲರ್. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ಇದರ ಮೇಲೆ ತಮ್ಮದನ್ನೂ ಸ್ವಲ್ಪ ಸೇರಿಸುತ್ತವೆ.

ನಮ್ಮವರಲ್ಲಿ ತುಂಬಾ ಜನರಿಗೆ ಮಗು ಚಿಕ್ಕದಿದ್ದಾಗ ಎಸ್‌ಎಸ್‌ಐ ಸಿಕ್ಕಿರುವುದಿಲ್ಲ. ಕಾರಣ ಸರಳ. 18 ತುಂಬುವವರೆಗೆ ಅಪ್ಪ ಅಮ್ಮನ ಆದಾಯವನ್ನೂ ಮಗುವಿನ ಲೆಕ್ಕಕ್ಕೆ ಸೇರಿಸುತ್ತಾರೆ, ಐಟಿ ಸಂಬಳ ಇರುವ ಮನೆಗೆ ಅದು ದಾಟುವ ಗೋಡೆಯಲ್ಲ. 18 ತುಂಬಿದ ಮುಂದಿನ ತಿಂಗಳಿಂದ ಆ ಲೆಕ್ಕ ನಿಲ್ಲುತ್ತದೆ, ಆಗ ಹುಡುಗನ ಸ್ವಂತ ಆದಾಯ ಆಸ್ತಿ ಮಾತ್ರ ನೋಡುತ್ತಾರೆ. ಇಲ್ಲೇ ಹುಟ್ಟಿದ ಮಕ್ಕಳು ನಾಗರಿಕರಾದ್ದರಿಂದ ಅರ್ಜಿ ಹಾಕಬಹುದು. ಗ್ರೀನ್ ಕಾರ್ಡ್ ಇರುವವರಿಗೆ ಸಾಮಾನ್ಯವಾಗಿ ಐದು ವರ್ಷ ಕಾಯಬೇಕು, ಜೊತೆಗೆ 40 ಕ್ವಾರ್ಟರ್‌ಗಳ, ಅಂದರೆ ಸುಮಾರು ಹತ್ತು ವರ್ಷದ, ದುಡಿಮೆಯ ದಾಖಲೆ ಬೇಕು. ಮಗುವಿಗೆ 18 ಆಗುವ ಮುಂಚೆ ಅಪ್ಪ ಅಮ್ಮ ದುಡಿದ ಕ್ವಾರ್ಟರ್‌ಗಳನ್ನು ಇದಕ್ಕೆ ಸೇರಿಸಿಕೊಳ್ಳಬಹುದು. ಎಚ್‌1ಬಿ ಕುಟುಂಬದ ವೀಸಾದಲ್ಲಿರುವ ಮಗುವಿಗೆ ಎಸ್‌ಎಸ್‌ಐ ಇಲ್ಲ.

ಭಯದ ಬೇರು ಊರಲ್ಲಿದೆ ಅನ್ನಿಸುತ್ತದೆ ನನಗೆ. ಕರ್ನಾಟಕದಲ್ಲಿ ಅಂಗವಿಕಲ ವೇತನಕ್ಕೆ ತಹಸೀಲ್ದಾರರಿಂದ ಆದಾಯ ಪ್ರಮಾಣಪತ್ರ ತರಬೇಕು. ಮಿತಿಯೊಳಗಿದ್ದರೆ ವೇತನ ಉಂಟು, ದಾಟಿದರೆ ಇಲ್ಲ. ಆ ಲೆಕ್ಕ ತಲೆಯಲ್ಲಿ ಕೂತಿರುವವರಿಗೆ ಇಲ್ಲೂ ಒಂದು ಗೆರೆ ಇದೆ, ದಾಟಿದರೆ ಎಲ್ಲಾ ಹೋಯಿತು ಅನ್ನಿಸುವುದು ಸಹಜ. ಎಸ್‌ಎಸ್‌ಐನಲ್ಲಿ ಆದಾಯಕ್ಕೆ ಅಂಥ ಗೆರೆ ಇಲ್ಲ, ಇಳಿಜಾರು ಇದೆ. ಆದಾಯ ಏರಿದ ಹಾಗೆ ದುಡ್ಡು ನಿಧಾನಕ್ಕೆ ಇಳಿಯುತ್ತದೆ.

ಸಂಬಳದ ಲೆಕ್ಕ

ತಿಂಗಳ ಸಂಬಳದಿಂದ ಮೊದಲು 20 ಡಾಲರ್ ಬಿಡುತ್ತಾರೆ. ಆಮೇಲೆ ಇನ್ನೂ 65 ಬಿಡುತ್ತಾರೆ. ಉಳಿದಿದ್ದರಲ್ಲಿ ಅರ್ಧವನ್ನು ಮಾತ್ರ ಆದಾಯ ಅಂತ ಹಿಡಿದು ಎಸ್‌ಎಸ್‌ಐನಿಂದ ಕಳೆಯುತ್ತಾರೆ. ಅಷ್ಟೇ.

ಹುಡುಗನಿಗೆ ತಿಂಗಳಿಗೆ 385 ಡಾಲರ್ ಸಂಬಳ ಅಂದುಕೊಳ್ಳಿ. 85 ತೆಗೆದರೆ 300, ಅದರ ಅರ್ಧ 150. ಎಸ್‌ಎಸ್‌ಐ 994ರಿಂದ 844ಕ್ಕೆ ಇಳಿಯುತ್ತದೆ. ಸಂಬಳ ಸೇರಿಸಿದರೆ ಕೈಯಲ್ಲಿ 1,229. ಕೆಲಸಕ್ಕೆ ಹೋಗದೆ ಇದ್ದಿದ್ದರೆ 994. ಬರೀ 85 ಡಾಲರ್ ದುಡಿದರೆ ಒಂದು ಪೈಸೆಯೂ ಕಡಿತ ಇಲ್ಲ. ಬೇರೆ ಆದಾಯ ಇಲ್ಲದವರಿಗೆ ಎಸ್‌ಎಸ್‌ಐ ಸೊನ್ನೆಗೆ ಬರಬೇಕಾದರೆ ಸಂಬಳ 2,073 ಡಾಲರ್ ಮುಟ್ಟಬೇಕು. ಅಲ್ಲಿಯವರೆಗೆ ಯಾವ ಹಂತದಲ್ಲೂ, ಎಸ್‌ಎಸ್‌ಐ ಲೆಕ್ಕದಲ್ಲಿ, ಹೆಚ್ಚು ದುಡಿದಿದ್ದಕ್ಕೆ ಕೈಗೆ ಕಮ್ಮಿ ಬರುವುದಿಲ್ಲ. ಯಾರಾದರೂ ನಿಮಗೆ ಬೇರೆ ಹೇಳಿದರೆ ಈ ಲೆಕ್ಕ ತೋರಿಸಿ.

ಗಮನಿಸಬೇಕಾದ ಒಂದೆರಡು ಸೂಕ್ಷ್ಮ ಇವೆ. ಲೆಕ್ಕಕ್ಕೆ ಹಿಡಿಯುವುದು ತೆರಿಗೆ ಕಳೆಯುವ ಮುಂಚಿನ ಪೂರ್ತಿ ಸಂಬಳ, ಖಾತೆಗೆ ಬಂದ ಮೊತ್ತವಲ್ಲ. ಇನ್ನೊಂದು, ಕಡಿತ ಎರಡು ತಿಂಗಳು ತಡವಾಗಿ ಬರುತ್ತದೆ. ಜನವರಿಯ ಸಂಬಳ ಸಾಮಾನ್ಯವಾಗಿ ಮಾರ್ಚ್ ತಿಂಗಳ ಎಸ್‌ಎಸ್‌ಐ ಮೇಲೆ ಪರಿಣಾಮ ಮಾಡುತ್ತದೆ. ಹಾಗಾಗಿ ಜನವರಿಯಲ್ಲಿ ಕೆಲಸ ಶುರುಮಾಡಿ, ಫೆಬ್ರವರಿಯಲ್ಲಿ ಬಿಟ್ಟು, ಮಾರ್ಚ್‌ನಲ್ಲಿ ದುಡ್ಡು ಕಮ್ಮಿ ಬಂದಾಗ ಅನ್ಯಾಯವಾಯಿತು ಅನ್ನಿಸಬಹುದು. ಅದು ಲೆಕ್ಕದ ರೀತಿ. ಮೇ ಹೊತ್ತಿಗೆ ಸರಿಹೋಗುತ್ತದೆ.

22 ತುಂಬದ, ಇನ್ನೂ ಓದುತ್ತಿರುವ ಮಕ್ಕಳಿಗೆ ಇದಕ್ಕಿಂತ ದೊಡ್ಡ ರಿಯಾಯಿತಿ ಇದೆ, ಇದನ್ನು ಕೇಳಿ ಪಡೆದುಕೊಳ್ಳದ ಮನೆಗಳೇ ಜಾಸ್ತಿ. ತಿಂಗಳಿಗೆ 2,410 ಡಾಲರ್‌ವರೆಗೆ, ವರ್ಷಕ್ಕೆ ಒಟ್ಟು 9,730 ಡಾಲರ್‌ವರೆಗೆ ಅವರ ಸಂಬಳವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಂದರೆ ಬೇಸಿಗೆ ರಜೆಯಲ್ಲಿ ಕೆಲಸಕ್ಕೆ ಹೋದ ವಿದ್ಯಾರ್ಥಿಗೆ ಎಸ್‌ಎಸ್‌ಐ ಪೂರ್ತಿ ಬರುತ್ತದೆ, ಸಂಬಳವೂ ಪೂರ್ತಿ ಉಳಿಯುತ್ತದೆ. ಅಂಗವೈಕಲ್ಯದ ಕಾರಣಕ್ಕೇ ಕೆಲಸಕ್ಕೆ ಬೇಕಾಗುವ ಖರ್ಚು, ಉದಾಹರಣೆಗೆ ಬಸ್ಸು ಹತ್ತಲಾಗದವರಿಗೆ ಬೇಕಾದ ವಿಶೇಷ ವಾಹನ, ಇದನ್ನೂ ರಸೀದಿ ಇಟ್ಟುಕೊಂಡು ಕೇಳಿದರೆ ಸಂಬಳದಿಂದ ಕಳೆಯುತ್ತಾರೆ.

ಸ್ವಂತಕ್ಕೆ ಏನಾದರೂ ಮಾಡಿ ಮಾರುವವರ ಲೆಕ್ಕ ಸ್ವಲ್ಪ ಬೇರೆ. ಮಗಳು ಹಣತೆಗೆ ಬಣ್ಣ ಹಾಕಿ ದೀಪಾವಳಿ ಹೊತ್ತಿಗೆ ಕನ್ನಡ ಕೂಟದ ಮಳಿಗೆಯಲ್ಲಿ ಮಾರುತ್ತಾಳೆ, ಅದನ್ನೇ ಸಣ್ಣ ವ್ಯಾಪಾರವಾಗಿ ನಡೆಸುತ್ತಾಳೆ ಅನ್ನಿ. ಆಗ ಬಣ್ಣ, ಹಣತೆ, ಮಳಿಗೆಯ ಬಾಡಿಗೆ ಎಲ್ಲಾ ಕಳೆದ ಮೇಲಿನ ಲಾಭವನ್ನು ವರ್ಷದ 12 ತಿಂಗಳಿಗೂ ಸಮನಾಗಿ ಹಂಚುತ್ತಾರೆ. ಅಕ್ಟೋಬರ್, ನವೆಂಬರ್‌ನಲ್ಲಿ ಮಾತ್ರ ಮಾರಾಟವಾಗಿದ್ದರೂ ಹಾಗೇ. ವರ್ಷಕ್ಕೆ 600 ಡಾಲರ್ ಲಾಭ ಬಂದರೆ ತಿಂಗಳಿಗೆ 50 ದಾಟುವುದಿಲ್ಲ, ಬೇರೆ ಸಂಬಳ ಇಲ್ಲದಿದ್ದರೆ ಕಡಿತವೂ ಇಲ್ಲ. ಆದರೂ ಹೇಳಲೇಬೇಕು, ಲೆಕ್ಕದ ಪುಸ್ತಕ ಇಡಲೇಬೇಕು.

ಮೆಡಿಕೇಡ್ ಬಗ್ಗೆ ಹೇಳದೆ ಮುಂದೆ ಹೋಗುವ ಹಾಗಿಲ್ಲ, ಯಾಕೆಂದರೆ ಎಷ್ಟೋ ಮನೆಗಳಿಗೆ 994 ಡಾಲರ್‌ಗಿಂತ ಅದೇ ಮುಖ್ಯ. ಥೆರಪಿ, ಔಷಧಿ, ಹಗಲಿನ ಕಾರ್ಯಕ್ರಮ, ಸಹಾಯಕರು ಎಲ್ಲಾ ಅದರ ಮೇಲೆ ನಿಂತಿರುತ್ತವೆ. ಸಂಬಳ ಏರಿ ಎಸ್‌ಎಸ್‌ಐ ದುಡ್ಡು ಸೊನ್ನೆಗೆ ಬಂದರೂ, 1619-ಬಿ ಅನ್ನುವ ನಿಯಮದಡಿ ಮೆಡಿಕೇಡ್ ಮುಂದುವರಿಯುತ್ತದೆ. ಇದಕ್ಕೆ ಒಂದೊಂದು ರಾಜ್ಯಕ್ಕೆ ಒಂದೊಂದು ಸಂಬಳದ ಮಿತಿ ಇದೆ, ಅದು ಸಣ್ಣ ಕೆಲಸ ಮಾಡುವವರು ಮುಟ್ಟುವಂಥದ್ದಲ್ಲ.

ಉಡುಗೊರೆಯ ಲೆಕ್ಕ

ಈಗ ದೊಡ್ಡಪ್ಪನ ದುಡ್ಡಿಗೆ ಬನ್ನಿ. ಪ್ರತಿ ತಿಂಗಳು 200 ಡಾಲರ್ ಹುಡುಗನ ಖಾತೆಗೆ ಹಾಕುತ್ತಾರೆ. ಇದು ದುಡಿಯದೆ ಬಂದ ಆದಾಯ. ಇದಕ್ಕೆ 65ರ ರಿಯಾಯಿತಿ ಇಲ್ಲ, ಅರ್ಧ ಬಿಡುವ ಮಾತೂ ಇಲ್ಲ. ಬರೀ 20 ಬಿಟ್ಟು 180 ಡಾಲರ್ ಎಸ್‌ಎಸ್‌ಐನಿಂದ ಕಳೆಯುತ್ತಾರೆ. ದೊಡ್ಡಪ್ಪ ಕೊಟ್ಟ 200ರಲ್ಲಿ ಹುಡುಗನಿಗೆ ನಿಜವಾಗಿ ದಕ್ಕಿದ್ದು 20. ಉಳಿದಿದ್ದು ಸರ್ಕಾರಕ್ಕೆ ಉಳಿತಾಯವಾಯಿತು. ಇದೇ 200 ಸಂಬಳವಾಗಿದ್ದರೆ ಕಡಿತ 57 ಡಾಲರ್ 50 ಸೆಂಟ್ ಮಾತ್ರ.

ಅಪರೂಪಕ್ಕೆ ಬರುವ ಕವರ್‌ಗೆ ಸ್ವಲ್ಪ ಉಸಿರಾಡಲು ಜಾಗ ಇದೆ. ಮೂರು ತಿಂಗಳ ಒಂದು ಕ್ವಾರ್ಟರ್‌ನಲ್ಲಿ, ಅಪರೂಪಕ್ಕೆ ಅಥವಾ ಅನಿರೀಕ್ಷಿತವಾಗಿ ಬಂದ ಉಡುಗೊರೆ ದುಡ್ಡಿನಲ್ಲಿ ಮೊದಲ 60 ಡಾಲರ್ ಬಿಡುತ್ತಾರೆ. ಹುಟ್ಟುಹಬ್ಬಕ್ಕೆ ಅತ್ತೆ 50 ಡಾಲರ್ ಕೊಟ್ಟರೆ ತೊಂದರೆ ಇಲ್ಲ. ಆದರೆ ಈ 60 ಎಲ್ಲರ ಉಡುಗೊರೆಗೂ ಸೇರಿ, ಒಬ್ಬೊಬ್ಬರಿಗೆ ಬೇರೆ ಬೇರೆ ಅಲ್ಲ. ಹುಡುಗನ ಮದುವೆಗೋ ಗೃಹಪ್ರವೇಶಕ್ಕೋ ಬರುವ ಮುಯ್ಯಿ ಇದರಲ್ಲಿ ಎಲ್ಲಿ ಹಿಡಿಸುತ್ತದೆ?

ಹಾಗಂತ ಯಾರೂ ಏನೂ ಕೊಡಬಾರದು ಅಂತಲ್ಲ. ದುಡ್ಡು ಯಾವ ದಾರಿಯಲ್ಲಿ ಬಂತು ಅನ್ನುವುದೇ ಇಲ್ಲಿ ಎಲ್ಲಾ. ಬೇರೆ ಮನೆ ಮಾಡಿಕೊಂಡಿರುವ ಒಬ್ಬ ಹುಡುಗನಿಗೆ ದೊಡ್ಡಪ್ಪ ತಿಂಗಳಿಗೆ 150 ಡಾಲರ್ ನೆರವು ಕೊಡಬೇಕು ಅಂದುಕೊಂಡಿದ್ದಾರೆ. ನಗದಾಗಿ ಕೊಟ್ಟರೆ 130 ಕಡಿತ. ಅವನ ಕರೆಂಟ್ ಬಿಲ್ಲನ್ನು ತಾವೇ ಕಟ್ಟಿದರೂ 130 ಕಡಿತ, ಯಾಕೆಂದರೆ ಬಾಡಿಗೆ, ಕರೆಂಟ್, ಗ್ಯಾಸ್, ನೀರು, ಕಸದ ಬಿಲ್ಲು ಇವೆಲ್ಲಾ ವಸತಿಯ ನೆರವು ಅಂತ ಲೆಕ್ಕ. ಅವನ ಫೋನ್ ಬಿಲ್ಲೋ ಇಂಟರ್‌ನೆಟ್ ಬಿಲ್ಲೋ ನೇರವಾಗಿ ಕಂಪನಿಗೆ ಕಟ್ಟಿದರೆ ಕಡಿತ ಸೊನ್ನೆ. 150 ಡಾಲರ್‌ನ ದಿನಸಿ, ಅಕ್ಕಿ ಬೇಳೆ ತರಕಾರಿ ತಂದುಕೊಟ್ಟರೂ ಸೊನ್ನೆ. ಈ ದಿನಸಿಯ ನಿಯಮ ಹೊಸದು. 2024ರ ಸೆಪ್ಟೆಂಬರ್ 30ಕ್ಕೆ ಮುಂಚೆ ಯಾರಾದರೂ ಊಟ ಹಾಕಿದರೆ ಅದನ್ನೂ ಆದಾಯ ಅನ್ನುತ್ತಿದ್ದರು! ಅರ್ಧ ಶತಮಾನ ಹಾಗೆ ನಡೆಯಿತು. ಹಳೆಯ ಮಾಹಿತಿ ಓದಿ ಹೆದರಿಕೊಂಡವರು ಇನ್ನೂ ಇದ್ದಾರೆ, ಅವರಿಗೆ ದಯವಿಟ್ಟು ತಿಳಿಸಿ.

ಬಟ್ಟೆ, ಲ್ಯಾಪ್‌ಟಾಪ್, ಹಾಸಿಗೆ, ಸಂಗೀತದ ಪಾಠದ ಫೀಸು ನೇರವಾಗಿ ಮೇಷ್ಟ್ರಿಗೆ, ಇವು ಯಾವುದಕ್ಕೂ ಕಡಿತ ಇಲ್ಲ. ಗಿಫ್ಟ್ ಕಾರ್ಡ್ ಬಗ್ಗೆ ಮಾತ್ರ ಹುಷಾರು. ಮತ್ತೆ ಮಾರಬಹುದಾದ ಕಾರ್ಡನ್ನು ನಗದು ಅಂತಲೇ ನೋಡುತ್ತಾರೆ. ಸಾಲ ಕೊಟ್ಟರೆ ಅದು ಆದಾಯವಲ್ಲ, ಆದರೆ ನಿಜವಾದ ಸಾಲವಾಗಿರಬೇಕು, ಕೊಡುವಾಗಲೇ ತೀರಿಸುವ ಮಾತಾಗಿರಬೇಕು, ಬರೆದು ಇಟ್ಟುಕೊಂಡರೆ ಒಳ್ಳೆಯದು. ಸಾಲದ ದುಡ್ಡು ಮುಂದಿನ ತಿಂಗಳಿಗೂ ಖಾತೆಯಲ್ಲಿ ಉಳಿದರೆ ಆಸ್ತಿಯಾಗುತ್ತದೆ, ಅದು ಬೇರೆ ಕಥೆ.

ಅಪ್ಪ ಅಮ್ಮನ ಜೊತೆಗೇ ಇರುವ ಮಕ್ಕಳ ವಿಷಯದಲ್ಲಿ ಇನ್ನೊಂದು ಕಡಿತ ಕಾದಿರುತ್ತದೆ. 18 ದಾಟಿದ ಮಗ ಮನೆಯಲ್ಲಿ ಬಾಡಿಗೆಯನ್ನೂ ಕೊಡದೆ ಊಟವನ್ನೂ ಎಲ್ಲಾ ಹೊತ್ತು ಮನೆಯವರದ್ದೇ ಮಾಡಿಕೊಂಡು ಇದ್ದರೆ, ಮೂರನೇ ಒಂದು ಭಾಗ, ಅಂದರೆ 331 ಡಾಲರ್ 33 ಸೆಂಟ್, ಮೊದಲೇ ಕಳೆದುಬಿಡುತ್ತಾರೆ. ನಮ್ಮಲ್ಲಿ ಮಗನ ಹತ್ತಿರ ಬಾಡಿಗೆ ಕೇಳುವುದಾ ಅಂತ ಮನಸ್ಸು ಒಪ್ಪುವುದಿಲ್ಲ. ಅರ್ಥವಾಗುತ್ತದೆ. ಆದರೆ ಎಸ್‌ಎಸ್‌ಐ ಕೊಡುವುದೇ ಊಟ ವಸತಿಗೆ. ಮನೆಯ ಖರ್ಚಿನಲ್ಲಿ ತನ್ನ ಪಾಲನ್ನು ಅವನು ಪ್ರತಿ ತಿಂಗಳು ಕೊಟ್ಟರೆ, ಕೊಟ್ಟಿದ್ದಕ್ಕೆ ದಾಖಲೆ ಇದ್ದರೆ, ಆ ಕಡಿತ ಇಲ್ಲ. ಅರ್ಜಿ ಹಾಕುವ ಮುಂಚೆಯೇ ಇದನ್ನು ಕೂತು ತೀರ್ಮಾನ ಮಾಡಿಕೊಳ್ಳಿ.

ಎರಡು ಸಾವಿರದ ಗೋಡೆ

ಆದಾಯಕ್ಕೆ ಇಳಿಜಾರು ಅಂದೆ. ಆಸ್ತಿಗೆ ಮಾತ್ರ ಗೋಡೆಯೇ. ತಿಂಗಳ ಮೊದಲ ದಿನ ಹುಡುಗನ ಹೆಸರಲ್ಲಿ 2,000 ಡಾಲರ್‌ಗಿಂತ ಜಾಸ್ತಿ ಇದ್ದರೆ ಆ ತಿಂಗಳು ಎಸ್‌ಎಸ್‌ಐ ಇಲ್ಲ. ಗಂಡ ಹೆಂಡತಿಗೆ ಸೇರಿ 3,000. 1989ರಿಂದ ಈ ಮೊತ್ತ ಬದಲಾಗಿಲ್ಲ. ಮೇಲೆ ಹೇಳಿದ 20 ಮತ್ತು 65 ಇನ್ನೂ ಹಳೆಯವು, ಯೋಜನೆ ಶುರುವಾದಾಗಿಂದ ಹಾಗೇ ಇವೆ. ಬೆಲೆ ಎಲ್ಲಾ ಏರಿದ ದೇಶದಲ್ಲಿ ಬಡವರ ಉಳಿತಾಯದ ಮಿತಿಯನ್ನು ಮಾತ್ರ ಏರಿಸದೆ ಬಿಟ್ಟಿರುವುದು ತಪ್ಪು ಅಂತ ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ವಾಸದ ಮನೆ, ಒಂದು ಕಾರು, ಮನೆ ಸಾಮಾನು ಲೆಕ್ಕಕ್ಕಿಲ್ಲ. ಮಗಳು ದಿನಾ ಹಾಕಿಕೊಳ್ಳುವ ಸರ, ಬಳೆ, ಮೂಗುತಿ ಕೂಡ ಲೆಕ್ಕಕ್ಕಿಲ್ಲ. ಆದರೆ ಧನತ್ರಯೋದಶಿಗೆ ಕೊಂಡು ಲಾಕರ್‌ನಲ್ಲಿಟ್ಟ ಚಿನ್ನದ ನಾಣ್ಯ ಹೂಡಿಕೆ, ಅದು ಆಸ್ತಿ. ಅಪ್ಪನ ಜೊತೆ ಜಂಟಿ ಖಾತೆ ಇದ್ದರೆ ಅದರಲ್ಲಿರುವ ಪೂರ್ತಿ ದುಡ್ಡು ಹುಡುಗನದ್ದೇ ಅಂತ ಮೊದಲು ಹಿಡಿಯುತ್ತಾರೆ, ಅಲ್ಲ ಅಂತ ತೋರಿಸುವ ಹೊಣೆ ನಿಮ್ಮದು. ಮೈಸೂರಿನ ಬ್ಯಾಂಕಿನಲ್ಲಿ ಅಜ್ಜಿ ಮೊಮ್ಮಗನ ಹೆಸರಲ್ಲಿಟ್ಟ ಎಫ್‌ಡಿ, ತಾತ ಬರೆದಿಟ್ಟ ಸೈಟು, ಇವೂ ಲೆಕ್ಕಕ್ಕೆ ಬರುತ್ತವೆ. ಬೇರೆ ದೇಶದಲ್ಲಿದೆ ಅನ್ನುವುದು ಕಾರಣವಾಗುವುದಿಲ್ಲ. ಹೆದರಿ ಅದನ್ನು ಸುಮ್ನೆ ಚಿಕ್ಕಪ್ಪನ ಹೆಸರಿಗೆ ಬಿಟ್ಟುಕೊಟ್ಟರೆ ಇನ್ನೂ ಕಷ್ಟ, ಬೆಲೆ ಪಡೆಯದೆ ಆಸ್ತಿ ಕೊಟ್ಟವರಿಗೆ 36 ತಿಂಗಳವರೆಗೂ ಎಸ್‌ಎಸ್‌ಐ ನಿಲ್ಲಿಸಬಹುದು.

ಇದಕ್ಕೆಲ್ಲಾ ದೊಡ್ಡ ಪರಿಹಾರ ಏಬಲ್ ಖಾತೆ, ಅಂಗವೈಕಲ್ಯ ಇರುವವರಿಗೆ ಅಂತಲೇ ಇರುವ ಉಳಿತಾಯ ಖಾತೆ. 2014ರ ಕಾನೂನಿನಿಂದ ಬಂದಿದ್ದು. ಮೊದಲು 26 ತುಂಬುವ ಮುಂಚೆ ಅಂಗವೈಕಲ್ಯ ಬಂದವರಿಗೆ ಮಾತ್ರ ಇತ್ತು, 2026ರ ಜನವರಿ 1ರಿಂದ ಅದು 46 ಆಗಿದೆ. ಇದರಲ್ಲಿರುವ ಒಂದು ಲಕ್ಷ ಡಾಲರ್‌ವರೆಗಿನ ದುಡ್ಡನ್ನು ಎಸ್‌ಎಸ್‌ಐ ನೋಡುವುದೇ ಇಲ್ಲ. ದೊಡ್ಡಪ್ಪ, ತಾತ, ಸ್ನೇಹಿತರು ಯಾರು ಬೇಕಾದರೂ ನೇರವಾಗಿ ಇದಕ್ಕೆ ಹಾಕಬಹುದು, ಹಾಕಿದ್ದು ಹುಡುಗನ ಆದಾಯ ಆಗುವುದಿಲ್ಲ. ವರ್ಷಕ್ಕೆ ಒಂದು ಮಿತಿ ಇದೆ, 2025ರಲ್ಲಿ ಅದು 19,000 ಡಾಲರ್ ಇತ್ತು. ಎಲ್ಲರಿಗೂ ಗೊತ್ತಿರಬೇಕಾದ್ದು ಏನೆಂದರೆ, ಈ ಖಾತೆಯಿಂದ ಬಾಡಿಗೆ, ಕರೆಂಟ್ ಬಿಲ್ಲು ಕಟ್ಟಿದರೂ ಕಡಿತ ಇಲ್ಲ. ವಸತಿಗೆ ಅಂತ ತೆಗೆದದ್ದನ್ನು ಅದೇ ತಿಂಗಳು ಖರ್ಚು ಮಾಡಿಬಿಡಬೇಕು, ಅಷ್ಟೇ. ದೊಡ್ಡಪ್ಪ ನೇರವಾಗಿ ಕಟ್ಟಿದರೆ 130 ಕಡಿತವಾಗುತ್ತಿದ್ದ ಅದೇ ಕರೆಂಟ್ ಬಿಲ್ಲಿಗೆ ಈ ದಾರಿಯಲ್ಲಿ ಸೊನ್ನೆ. ಇದರಲ್ಲಿ ಕಳ್ಳದಾರಿ ಏನೂ ಇಲ್ಲ, ಕಾನೂನೇ ಹಾಕಿಕೊಟ್ಟ ದಾರಿ. ಆದರೆ ಹುಡುಗ ತನ್ನ ಸಂಬಳವನ್ನು ಏಬಲ್‌ಗೆ ಹಾಕಿದರೂ ಅದು ಸಂಬಳವೇ, ಅದಕ್ಕೆ ಮೇಲಿನ ಲೆಕ್ಕ ಬಿಡುವುದಿಲ್ಲ. ಕಾಯಿಲೆಗೆ ಅಂತ ಆನ್‌ಲೈನ್‌ನಲ್ಲಿ ದೇಣಿಗೆ ಎತ್ತುವವರೂ ದುಡ್ಡು ಹುಡುಗನ ಮಾಮೂಲಿ ಖಾತೆಗೆ ಬೀಳದ ಹಾಗೆ ಮೊದಲೇ ನೋಡಿಕೊಳ್ಳಬೇಕು.

ದೊಡ್ಡ ಮೊತ್ತಕ್ಕೆ, ಉಯಿಲಿನ ಆಸ್ತಿಗೆ, ಸ್ಪೆಷಲ್ ನೀಡ್ಸ್ ಟ್ರಸ್ಟ್, ಅಂದರೆ ಅಂಗವೈಕಲ್ಯ ಇರುವವರ ಪರವಾಗಿ ಬೇರೆಯವರು ದುಡ್ಡು ನೋಡಿಕೊಳ್ಳುವ ಟ್ರಸ್ಟ್, ಬೇಕು. ಅದಕ್ಕೆ ವಕೀಲರು ಬೇಕು. ಊರಲ್ಲಿರುವ ಅಜ್ಜಿ ತಾತನಿಗೆ ಈಗಲೇ ಹೇಳಿ, ಮೊಮ್ಮಗನ ಹೆಸರು ನೇರವಾಗಿ ಉಯಿಲಿನಲ್ಲಿ ಬರೆಸುವ ಮುಂಚೆ ಒಂದು ಮಾತು ಕೇಳಲಿ.

ಎಸ್‌ಎಸ್‌ಡಿಐ ಇರುವವರಿಗೆ ಮೇಲಿನ ಉಡುಗೊರೆ, ಆಸ್ತಿಯ ತಲೆನೋವು ಯಾವುದೂ ಇಲ್ಲ. ಮನೆಯವರು ಎಷ್ಟು ಕೊಟ್ಟರೂ ಸರಿ. ಅಲ್ಲಿ ನೋಡುವುದು ಕೆಲಸವನ್ನು ಮಾತ್ರ. ತಿಂಗಳಿಗೆ 1,210 ಡಾಲರ್ ದಾಟಿದ ತಿಂಗಳುಗಳನ್ನು ಪ್ರಯೋಗದ ತಿಂಗಳು ಅಂತ ಎಣಿಸುತ್ತಾರೆ, 60 ತಿಂಗಳ ಅವಧಿಯಲ್ಲಿ ಅಂಥ 9 ತಿಂಗಳು ಎಷ್ಟು ದುಡಿದರೂ ಪೂರ್ತಿ ದುಡ್ಡು ಬರುತ್ತದೆ. ಆಮೇಲೆ 1,690 ಡಾಲರ್ ಮಿತಿ, ಅಂಧರಿಗೆ 2,830. ಇಲ್ಲಿ ಮಾತ್ರ ಗೆರೆ ದಾಟಿದರೆ ನಿಲ್ಲುತ್ತದೆ ಅನ್ನುವ ಭಯಕ್ಕೆ ಅರ್ಥವಿದೆ. ಅಪ್ಪ ನಿವೃತ್ತರಾಗಿ ಪಿಂಚಣಿ ಪಡೆಯಲು ಶುರುಮಾಡಿದಾಗ, 22ಕ್ಕೆ ಮುಂಚೆ ಅಂಗವೈಕಲ್ಯ ಬಂದ ಮಗ ಅಪ್ಪನ ದಾಖಲೆಯ ಮೇಲೆ ಈ ಕಡೆಗೆ ಬರಬಹುದು, ಆಗ ಲೆಕ್ಕವೇ ಬದಲಾಗುತ್ತದೆ. ಎರಡೂ ಬರುವವರು ಎರಡೂ ನಿಯಮ ಪಾಲಿಸಬೇಕು.

ಊರಿಗೆ ಹೋಗುವ ಮುಂಚೆ, ಪತ್ರ ಬಂದ ಮೇಲೆ

ಊರಿನ ಪ್ರಯಾಣಕ್ಕೂ ಎಸ್‌ಎಸ್‌ಐಗೂ ಏನು ಸಂಬಂಧ ಅನ್ನಬೇಡಿ. ಅಮೆರಿಕದ ಹೊರಗೆ ಸತತ 30 ದಿನ ಇದ್ದರೆ ಎಸ್‌ಎಸ್‌ಐ ನಿಲ್ಲುತ್ತದೆ. ವಾಪಸ್ ಬಂದ ಮೇಲೆ ಸತತ 30 ದಿನ ಇಲ್ಲಿ ಇದ್ದ ನಂತರವೇ ಮತ್ತೆ ಶುರು. ಬೇಸಿಗೆಯಲ್ಲಿ ಆರು ವಾರ ಬೆಂಗಳೂರಿಗೆ ಹೋಗುವ ಮನೆಗಳು ಇದನ್ನು ಟಿಕೆಟ್ ಮಾಡಿಸುವ ಮುಂಚೆ ನೋಡಿಕೊಳ್ಳಬೇಕು. ನಾಲ್ಕು ವಾರಕ್ಕೆ ಇಳಿಸಿದರೆ ಏನೂ ತೊಂದರೆ ಇಲ್ಲ, ಆದರೆ ಹೋಗುವ ವಿಷಯ ತಿಳಿಸಿಯೇ ಹೋಗಬೇಕು.

ತಿಳಿಸುವುದು ಅಂದೆ. ಸಂಬಳ, ಉಡುಗೊರೆ ದುಡ್ಡು, ಮನೆ ಬದಲಾವಣೆ, ಪ್ರಯಾಣ, ಯಾವುದೇ ಇರಲಿ ಮುಂದಿನ ತಿಂಗಳ 10ನೇ ತಾರೀಕಿನೊಳಗೆ ಹೇಳಬೇಕು. ಸಂಬಳ ತಿಳಿಸಲು ಫೋನಿನಲ್ಲಿ ಆ್ಯಪ್ ಇದೆ. ತಡವಾದರೆ ಒಂದೊಂದು ಸಲಕ್ಕೆ 25ರಿಂದ 100 ಡಾಲರ್‌ವರೆಗೆ ದಂಡ ಹಾಕಬಹುದು. ಬ್ಯಾಂಕ್ ಖಾತೆಗಳನ್ನು ಅವರು ಕಂಪ್ಯೂಟರ್ ಮೂಲಕವೇ ಪರೀಕ್ಷಿಸುತ್ತಾರೆ, ಮುಚ್ಚಿಡುವ ಯೋಚನೆ ಬೇಡ. ಕೊಟ್ಟ ಕಾಗದಕ್ಕೆಲ್ಲಾ ರಸೀದಿ ಕೇಳಿ ಇಟ್ಟುಕೊಳ್ಳಿ.

ಇಷ್ಟೆಲ್ಲಾ ಮಾಡಿದರೂ ಒಂದು ದಿನ ಪತ್ರ ಬರಬಹುದು: ನಿಮಗೆ ಜಾಸ್ತಿ ಕೊಟ್ಟಿದ್ದೇವೆ, ಇಷ್ಟು ಸಾವಿರ ವಾಪಸ್ ಕೊಡಿ ಅಂತ. ಗಾಬರಿಯಲ್ಲಿ ಕ್ರೆಡಿಟ್ ಕಾರ್ಡಿನಿಂದ ಕಟ್ಟಲು ಹೋಗಬೇಡಿ. ಲೆಕ್ಕ ತಪ್ಪು ಅನ್ನಿಸಿದರೆ 60 ದಿನದೊಳಗೆ ಮೇಲ್ಮನವಿ ಹಾಕಬಹುದು. ಲೆಕ್ಕ ಸರಿಯಿದ್ದರೂ ತಪ್ಪು ನಿಮ್ಮದಲ್ಲ, ವಾಪಸ್ ಕೊಡುವ ಶಕ್ತಿಯೂ ಇಲ್ಲ ಅಂದರೆ ಮನ್ನಾ ಮಾಡಿ ಅಂತ ಎಸ್‌ಎಸ್‌ಎ-632 ಅನ್ನುವ ಅರ್ಜಿ ಇದೆ, ಅದಕ್ಕೆ ಕೊನೆಯ ದಿನಾಂಕವೇ ಇಲ್ಲ. ವಸೂಲಿ ಮಾಡಿದರೂ ಎಸ್‌ಎಸ್‌ಐನಿಂದ ಸಾಮಾನ್ಯವಾಗಿ ತಿಂಗಳಿಗೆ 10%ರಷ್ಟು ಮಾತ್ರ ಹಿಡಿಯುತ್ತಾರೆ. ಕಟ್ಟಲು ಕಷ್ಟವಾದರೆ ಅದನ್ನೂ ಇಳಿಸಿ ಅಂತ ಕೇಳಬಹುದು.